ಹಲಗೆಯ ತೂತಿನಲ್ಲಿ ಒಂದು ಕಣ್ಣು

ನನ್ನ ಎಡಗಣ್ಣು ಸ್ವಲ್ಪ ಓರೆ. ‘ಸ್ವಲ್ಪ’ ಎನ್ನುವುದು ನನ್ನ ಅಳತೆ. ನನ್ನ ಹೆಂಡತಿಯನ್ನು ಕೇಳಿದರೆ ಅವಳು ಬೇರೆ ಅಳತೆ ಹೇಳುತ್ತಾಳೆ. ಪಾಂಡವಪುರಕ್ಕೆ ಅವಳನ್ನು ನೋಡಲು ಹೋಗಿದ್ದ ದಿನ ನಾನು ಅವಳನ್ನೇ ನೋಡುತ್ತ ಕೂತಿದ್ದೆ, ದೇವರಾಣೆ. ಆದರೆ ಅವಳ ಕಡೆಯವರೆಲ್ಲ ನಾನು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಲಕ್ಷ್ಮಿಯನ್ನು ನೋಡುತ್ತಿದ್ದೇನೆ ಎಂದುಕೊಂಡರು. ಹೆಣ್ಣನ್ನು ಮುಂದೆ ಕೂರಿಸಿದರೂ ದೇವರಿಂದ ದೃಷ್ಟಿ ತೆಗೆಯದ ಹುಡುಗ ಎಂದು ಅವಳ ತಂದೆ ಅಲ್ಲೇ ಒಪ್ಪಿಬಿಟ್ಟರು. ಇಪ್ಪತ್ತು ವರ್ಷದಿಂದ ಆ ಭಕ್ತಿಯನ್ನು ನಿಭಾಯಿಸಿಕೊಂಡು ಬರುತ್ತಿದ್ದೇನೆ.

ಇಂಥ ಕಣ್ಣಿನವನಿಗೆ ಒಮ್ಮೆ, ಬೇರೆಯವರ ಕಣ್ಣು ಎಲ್ಲಿ ನೋಡುತ್ತಿದೆ ಎಂದು ಬರೆದುಕೊಳ್ಳುವ ಸರ್ಕಾರಿ ಕೆಲಸ ಬಿದ್ದಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ಮರೆತಿದ್ದೆ. ಮೊನ್ನೆ ಶ್ರೀರಂಗಪಟ್ಟಣದ ವಾಚನಾಲಯದಲ್ಲಿ ಮಾಸಪತ್ರಿಕೆಯೊಂದನ್ನು ತಿರುವುತ್ತಿದ್ದಾಗ ನೆನಪಾಯಿತು. ಪರದೇಶದಲ್ಲಿ ಗಣಕಯಂತ್ರ ಎಂಬ ಯಂತ್ರಗಳಿವೆಯಂತೆ. ಗಾಜಿನ ಪರದೆ, ಕೆಳಗೆ ಸಾಲುಸಾಲು ಗುಂಡಿಗಳು. ಅದರ ಮುಂದೆ ಒಬ್ಬನನ್ನು ಕೂರಿಸಿ, ಅವನ ಕಣ್ಣಿಗೆ ಸಣ್ಣದಾಗಿ ಬೆಳಕು ಬಿಟ್ಟು, ಆ ಕಣ್ಣು ಪರದೆಯ ಯಾವ ಮೂಲೆಗೆ ಮೊದಲು ಹೋಯಿತು, ಎಲ್ಲಿ ನಿಂತಿತು, ಎಲ್ಲಿ ತಡವರಿಸಿತು ಎಂದು ಇನ್ನೊಂದು ಯಂತ್ರ ಗೆರೆ ಎಳೆದು ತೋರಿಸುತ್ತದಂತೆ. ಆಮೇಲೆ ಜನಕ್ಕೆ ಅನುಕೂಲವಾಗುವ ಹಾಗೆ ಗುಂಡಿಗಳ ಜಾಗ ಬದಲಾಯಿಸುತ್ತಾರಂತೆ. “ಇದನ್ನು ನಾವು ಸಂತೆಬಾಚಹಳ್ಳಿಯಲ್ಲಿ ಆಗಲೇ ಮಾಡಿದ್ದೆವಲ್ಲ” ಎಂದು ನಾನು ಗಟ್ಟಿಯಾಗಿ ಅಂದುಬಿಟ್ಟೆ. ವಾಚನಾಲಯದ ಗುಮಾಸ್ತ ತಲೆಯೆತ್ತಿದ. ನಾನು ತನಗೆ ಹೇಳಿದೆನೋ ಗಡಿಯಾರಕ್ಕೆ ಹೇಳಿದೆನೋ ತಿಳಿಯದೆ ಸುಮ್ಮನಾದ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಗ್ರಾಮಸೇವಕನಾಗಿದ್ದೆ. ಬಿತ್ತನೆ ಬೀಜ, ಗೊಬ್ಬರ, ಔಷಧಿ ಸಿಂಪಡಣೆ ಎಂದು ಸೈಕಲ್ಲು ತುಳಿಯುತ್ತ ಹಳ್ಳಿ ಸುತ್ತುವ ಕೆಲಸ. ಊರುಗಳಿಗೆ ಕರೆಂಟು ಬಂದು, ಬಾವಿಗಳಲ್ಲಿ ಏತ ನಿಂತು ಪಂಪ್‌ಸೆಟ್ಟು ಕೂರುತ್ತಿದ್ದ ದಿನಗಳು. ಎಲ್ಲರಿಗೂ ಖುಷಿ. ಒಂದೇ ಒಂದು ತಾಪತ್ರಯ, ಮೋಟರುಗಳು ಸುಡುತ್ತಿದ್ದವು. ಕರೆಂಟು ನಿಶ್ಶಕ್ತವಾಗಿದ್ದಾಗ ಮೋಟರು ಹಾಕಿದರೆ ಒಳಗೆ ಸುತ್ತಿದ ತಂತಿ ಕಾದು ಕರಕಲಾಗುತ್ತದೆ. ಹಾಗಾಗದಿರಲಿ ಎಂದೇ ಸ್ವಿಚ್ಚಿನ ಬೋರ್ಡಿನ ಮೇಲೆ ಕರೆಂಟಿನ ಬಲ ತೋರಿಸುವ ಮೀಟರು ಇಟ್ಟಿರುತ್ತಾರೆ. ಮುಳ್ಳು ನಾನೂರು ವೋಲ್ಟಿನ ಹತ್ತಿರ ಇದ್ದರೆ ಹಸಿರು ಗುಂಡಿ ಒತ್ತಬೇಕು, ಕೆಳಗಿದ್ದರೆ ಬೀಗ ಹಾಕಿಕೊಂಡು ಮನೆಗೆ ಹೋಗಬೇಕು. ಇದಕ್ಕಿಂತ ಸುಲಭವಾದ್ದು ಇನ್ನೇನಿದೆ? ಆದರೂ ಪೇಟೆಯಲ್ಲಿ ಮೋಟರಿಗೆ ಹೊಸದಾಗಿ ತಂತಿ ಸುತ್ತಿಕೊಡುತ್ತಿದ್ದ ಗೌಸ್ ಸಾಬರ ಅಂಗಡಿಯ ಮುಂದೆ ಎತ್ತಿನ ಗಾಡಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು. “ಎಲ್ರೂ ಮೀಟ್ರು ನೋಡೇ ಹಾಕಿದ್ವಿ ಅಂತಾರೆ ಸಾಬ್. ಮತ್ತೆ ನನ್ಗೆ ರೋಟಿ ಎಲ್ಲಿಂದ ಬತ್ತದೆ?” ಎಂದು ಅವರು ಗಡ್ಡದೊಳಗೇ ನಗುತ್ತಿದ್ದರು.

ಆಗ ಬಂದವರು ಇಂಜಿನಿಯರ್ ಸಾಹೇಬರು. ಸ್ವಿಚ್ಚುಬೋರ್ಡು ತಯಾರಿಸುವ ಯಾವುದೋ ಸರ್ಕಾರಿ ಕಾರ್ಖಾನೆಯವರು. ಚಿಕ್ಕ ವಯಸ್ಸು, ದಪ್ಪ ಕನ್ನಡಕ, ಯಾರು ಏನು ಹೇಳಿದರೂ “ಹೌದಾ” ಎಂದು ಬರೆದುಕೊಳ್ಳುವಷ್ಟು ಒಳ್ಳೆಯತನ. ರೈತರಿಗೆ ಸುಲಭವಾಗುವಂಥ ಹೊಸ ಬೋರ್ಡು ಮಾಡಬೇಕೆಂಬುದು ಅವರ ಆಸೆ. ಮೊದಲ ವಾರವೆಲ್ಲ ನನ್ನನ್ನು ಜೊತೆಗಿಟ್ಟುಕೊಂಡು ಮನೆಮನೆಗೆ ಹೋಗಿ, “ಮೋಟರು ಹಾಕುವ ಮೊದಲು ಏನನ್ನು ನೋಡುತ್ತೀರಿ?” ಎಂದು ಕೇಳಿದರು. ಎಲ್ಲರದೂ ಒಂದೇ ಉತ್ತರ, “ಮೀಟ್ರು ಸ್ವಾಮಿ.” ಮೋಟರು ಸುಟ್ಟವನೂ ಮೀಟ್ರು ಸ್ವಾಮಿ, ಸುಡದವನೂ ಮೀಟ್ರು ಸ್ವಾಮಿ. ಒಬ್ಬರು ಮುದುಕರಂತೂ ಬಾವಿಯೇ ಇಲ್ಲದಿದ್ದರೂ ಮೀಟ್ರು ಸ್ವಾಮಿ ಎಂದರು. ಪ್ಯಾಂಟು ತೊಟ್ಟವರು ಕೇಳಿದರೆ ಅವರಿಗೆ ಏನು ಬೇಕೋ ಅದನ್ನೇ ಹೇಳುವುದು ನಮ್ಮ ಕಡೆಯ ಮರ್ಯಾದೆ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ನೋಡಿ.

ಬಾಯಿ ಹೇಳಿದ್ದನ್ನು ನಂಬಿ ಪ್ರಯೋಜನವಿಲ್ಲ, ಕಣ್ಣನ್ನೇ ಕೇಳೋಣ ಎಂದು ಸಾಹೇಬರು ಒಂದು ಉಪಾಯ ಮಾಡಿದರು. ಸಂತೆಮಾಳದ ಪಕ್ಕದ ಬೀಜದ ಗೋದಾಮಿನಲ್ಲಿ ಅರ್ಧ ಬಾಗಿಲಿನಷ್ಟು ದೊಡ್ಡ ಹಲಗೆಯನ್ನು ನಿಲ್ಲಿಸಿದರು. ಅದರ ಮೇಲೆ ತಮ್ಮ ಹೊಸ ಬೋರ್ಡಿನ ನಕ್ಷೆಯನ್ನು ಬಣ್ಣದಲ್ಲಿ ಬರೆಸಿದರು. ಎಡಗಡೆ ಮೇಲೆ ಮೀಟರು, ಕೆಳಗೆ ಕೆಂಪು ಗುಂಡಿ, ಹಸಿರು ಗುಂಡಿ, ಪಕ್ಕದಲ್ಲಿ ಮೇನ್ ಸ್ವಿಚ್ಚಿನ ಹಿಡಿಕೆ. ನಟ್ಟನಡುವೆ ಎಂಟಾಣೆ ಬಿಲ್ಲೆಯಷ್ಟು ಒಂದು ತೂತು. ರೈತ ಬಂದು ಹಲಗೆಯ ಮುಂದೆ ನಿಲ್ಲಬೇಕು, ಸಾಹೇಬರು “ಮೋಟರು ಹಾಕಿ” ಎನ್ನಬೇಕು, ಅವನು ತನ್ನ ಪಂಪಿನ ಮನೆಯಲ್ಲಿ ಮಾಡುವಂತೆಯೇ ಎಲ್ಲವನ್ನೂ ಮಾಡಬೇಕು. ಹಲಗೆಯ ಹಿಂದೆ ಒಬ್ಬ ಆಸಾಮಿ ತೂತಿಗೆ ಕಣ್ಣಿಟ್ಟು ಕೂತು, ಅವನ ಕರಿಗುಡ್ಡೆ ಮೇಲೆ ಹೋಯಿತೇ, ಕೆಳಗೆ ಹೋಯಿತೇ, ಎಡಕ್ಕೋ ಬಲಕ್ಕೋ ಎಂದು ಅಂಕಣ ಹಾಕಿದ ಪುಸ್ತಕದಲ್ಲಿ ಗುರುತು ಹಾಕಬೇಕು. ಆ ಆಸಾಮಿ ನಾನು. ಆಫೀಸಿನಲ್ಲಿ ಬೇರೆ ಯಾರಿಗೂ ಬಿಡುವಿರಲಿಲ್ಲ. ಸಾಹೇಬರು ನನ್ನ ಮುಖವನ್ನೊಮ್ಮೆ ನೋಡಿ ಸ್ವಲ್ಪ ಅನುಮಾನಿಸಿದರು. ನಾನು, ಬಲಗಣ್ಣು ನೆಟ್ಟಗಿದೆ ಸಾರ್, ತೂತು ಇರುವುದೂ ಒಂದೇ ಅಲ್ಲವೇ ಎಂದೆ.

ಮೊದಲ ದಿನ ಎಲ್ಲರೂ ಮೊದಲು ನೋಡಿದ್ದು ಏನನ್ನು ಎಂದು ಹೇಳಬೇಕಾಗಿಯೇ ಇಲ್ಲ. ತೂತನ್ನು. ಹಲಗೆಯ ನಡುವೆ ಒಂದು ಕಣ್ಣು ಪಿಳಿಪಿಳಿ ಬಿಡುತ್ತಿದ್ದರೆ ಮೀಟರನ್ನು ಯಾರು ಕೇಳುತ್ತಾರೆ? “ಒಳಗ್ ಯಾರಪ್ಪ ಅದು, ಸೇವಕ್ರಾ?” ಎಂದು ಒಬ್ಬ ಬಗ್ಗಿ ಮಾತಾಡಿಸಿದ. ಇನ್ನೊಬ್ಬ, ಸಿಕ್ಕಿದ್ದೇ ಸಮಯವೆಂದು ರಾಗಿ ಬೀಜ ಯಾವಾಗ ಬರುತ್ತದೆ ಎಂದು ತೂತನ್ನೇ ಕೇಳಿದ. ಮೂರನೆಯವನ ಹೆಂಡತಿ, ತನ್ನ ಗಂಡನನ್ನು ಯಾರೋ ಬಿಲದಿಂದ ನೋಡುತ್ತಿದ್ದಾರೆಂದು ತಿಳಿದು, ಉಪ್ಪು ಮೆಣಸಿನಕಾಯಿ ತಂದು ಅಲ್ಲೇ ಗೋದಾಮಿನಲ್ಲಿ ದೃಷ್ಟಿ ತೆಗೆದಳು. ಮೆಣಸಿನಕಾಯಿಯ ಘಾಟಿಗೆ ಸಾಹೇಬರು ಕೆಮ್ಮುತ್ತ ಹೊರಗೆ ಓಡಿದರು. ನಾನು ಹಲಗೆಯ ಹಿಂದೆ ಸಿಕ್ಕಿಹಾಕಿಕೊಂಡಿದ್ದೆ.

ನಗಬೇಡಿ, ಆ ಹೆಂಗಸಿನ ಭಯದಲ್ಲೂ ಅರ್ಥವಿದೆ. ನಾಗಮಂಗಲದಲ್ಲಿ ಕಂಚಿನ ವಿಗ್ರಹ ಎರಕ ಹೊಯ್ಯುವವರ ಮನೆಯಲ್ಲಿ ನಾನು ಒಂದು ಸಲ ನೋಡಿದ್ದೇನೆ. ಕೈ ಕಾಲು, ಕಿರೀಟ, ಕಿರುಬೆರಳಿನ ಉಗುರು ಎಲ್ಲ ತಿದ್ದಿ ತೀಡಿ ಮುಗಿಸಿದ ಮೇಲೆ ಕಟ್ಟಕಡೆಗೆ ಕಣ್ಣು ತೆರೆಸುತ್ತಾರೆ. ಆ ಹೊತ್ತಿನಲ್ಲಿ ವಿಗ್ರಹದ ಎದುರಿಗೆ ಯಾರೂ ನಿಲ್ಲಬಾರದು. ಮೊದಲ ನೋಟ ಬೀಳಲೆಂದು ಕನ್ನಡಿ ಹಿಡಿಯುತ್ತಾರೆ. ಮೂರು ತಿಂಗಳು ಆ ದೇವರನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜಿದ ಮುದುಕರೇ ಕಣ್ಣು ತೆರೆಸಿದ ಕೂಡಲೇ ಪಕ್ಕಕ್ಕೆ ಸರಿದರು. ತಾನು ಮಾಡಿದ ಕಣ್ಣಿನ ನೋಟವನ್ನು ತಾಳುವುದೇ ಕಷ್ಟ. ಇನ್ನು ಸರ್ಕಾರ ಮಾಡಿಸಿದ ತೂತಿನಿಂದ ಬರುವ ನೋಟ ಹೇಗಿರಬೇಡ?

ಸಾಹೇಬರು ಇದಕ್ಕೂ ಮದ್ದು ಹುಡುಕಿದರು. ನನ್ನ ಬಲಗಣ್ಣಿನ ಸುತ್ತ ದೀಪದ ಕಪ್ಪು ಬಳಿದು, ಇನ್ನು ಕಾಣುವುದಿಲ್ಲ ಎಂದರು. ಕಪ್ಪಿನ ನಡುವೆ ಬಿಳಿಗುಡ್ಡೆ ಮೊದಲಿಗಿಂತ ಹೆಚ್ಚಾಗಿ ಹೊಳೆಯುತ್ತಿತ್ತಂತೆ, ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಂಜೆ ಸೈಕಲ್ಲು ಇಳಿದ ನನ್ನನ್ನು ನೋಡಿ ಹೆಂಡತಿ, “ಈಗ ಎರಡೂ ಕಣ್ಣು ಸಮ ಆದ್ವು ಬಿಡಿ” ಎಂದು ಒಳಗೆ ಹೋದಳು.

ಎರಡನೆಯ ದಿನದಿಂದ ಇನ್ನೊಂದು ವಿಚಿತ್ರ ಶುರುವಾಯಿತು. ಬಂದವರೆಲ್ಲರ ಕಣ್ಣೂ ಒಂದೇ ದಾರಿಯಲ್ಲಿ ಓಡತೊಡಗಿದವು. ಮೀಟರು, ಹಿಡಿಕೆ, ಮೀಟರು, ಹಸಿರು ಗುಂಡಿ. ಮೀಟರು, ಹಿಡಿಕೆ, ಮೀಟರು, ಹಸಿರು ಗುಂಡಿ. ಸಾಹೇಬರು ಹಿಗ್ಗಿದರು. ನನಗೆ ಮಾತ್ರ ಏನೋ ವಾಸನೆ ಹೊಡೆಯಿತು. ವಿಚಾರಿಸಿದರೆ, ಎದುರಿನ ಚಾ ಅಂಗಡಿಯಲ್ಲಿ ಪಾಠವೇ ನಡೆಯುತ್ತಿತ್ತು. ಪಾಠ ಹೇಳುತ್ತಿದ್ದವನು ಜವರೇಗೌಡ. ಗಿರಿಜಾ ಮೀಸೆ, ಕೈಯಲ್ಲಿ ವಾಚು, ಹೋಬಳಿಗೆ ಮೊದಲು ಪಂಪ್‌ಸೆಟ್ಟು ಹಾಕಿಸಿದವರಲ್ಲಿ ಒಬ್ಬ. ಮೊದಲ ದಿನವೇ ಬಂದು, ಮೀಟರಿನ ಚಿತ್ರವನ್ನು ಎವೆಯಿಕ್ಕದೆ ನೋಡಿ ಸಾಹೇಬರಿಂದ ಶಹಬ್ಬಾಸ್‌ಗಿರಿ ಪಡೆದಿದ್ದ. “ತೂತ್ ಕಡೀಕ್ ನೋಡ್ಬ್ಯಾಡ ಕಣ್ಲಾ, ಪೇಲಾಯ್ತೀಯ. ಮೊದ್ಲು ಮೀಟ್ರು. ಎಲ್ಡೆಣಿಸು. ಆಮೇಲ್ ಹಿಡ್ಕೆ” ಎಂದು ಬೆಂಚಿನ ಮೇಲೆ ಕೂತು ಹೇಳಿಕೊಡುತ್ತಿದ್ದ.

ಫೇಲಾಗುವುದೇ? ಆಗಲೇ ನನಗೆ ಹೊಳೆದದ್ದು, ಊರಿಗೆ ಊರೇ ಇದನ್ನು ಪರೀಕ್ಷೆ ಎಂದು ತಿಳಿದಿದೆ ಎಂದು. ತಪ್ಪು ಅವರದಲ್ಲ. ಮುಂದೆ ಹಲಗೆ, ಪಕ್ಕದಲ್ಲಿ ಕನ್ನಡಕದವರು, ಹಿಂದೆ ಒಬ್ಬ ಗುರುತು ಹಾಕುವವನು. ಇಸ್ಕೂಲಿಗೂ ಇದಕ್ಕೂ ಏನು ವ್ಯತ್ಯಾಸ? ಸಾಹೇಬರು ಬಂದವರಿಗೆಲ್ಲ, “ನಾವು ಪರೀಕ್ಷೆ ಮಾಡುತ್ತಿರುವುದು ನಿಮ್ಮನ್ನಲ್ಲ, ಈ ಹಲಗೆಯನ್ನು” ಎಂದು ಹೇಳಿಯೇ ಹೇಳುತ್ತಿದ್ದರು. ನಾನೂ ಊರ ಹಿರಿಯರ ಮುಂದೆ ಅದನ್ನೇ ಹೇಳಿದೆ. ಅವರಲ್ಲೊಬ್ಬರು ಎಲೆಯಡಿಕೆ ಉಗಿದು, “ಹಲ್ಗೆನ ಯಾರಾರ ಪರೀಕ್ಸೆ ಮಾಡ್ತಾರಾ ಸೇವಕ್ರೇ? ಹಲ್ಗೆ ಏನ್ ಇಸ್ಕೂಲ್‌ಗೋಯ್ತದಾ?” ಎಂದರು.

ಇಷ್ಟೇ ಆಗಿದ್ದರೆ ನಗುತ್ತ ಮುಗಿಸಬಹುದಿತ್ತು. ಆದರೆ ಜವರೇಗೌಡನಿಗೆ ಒಬ್ಬ ಅತ್ತಿಗೆ ಇದ್ದರು, ಕೆಂಪಮ್ಮ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಒಂದೂವರೆ ಎಕರೆ ಹಿಪ್ಪುನೇರಳೆ, ಮನೆಯಲ್ಲಿ ರೇಷ್ಮೆಹುಳು, ಹೊಲದಲ್ಲಿ ಬಾವಿ, ಬಾವಿಗೆ ಮೋಟರು. ಆ ಮೋಟರು ಮನೆಯ ಬೀಗದ ಕೈಯನ್ನು ಆಕೆ ಸೆರಗಿನ ತುದಿಗೆ ಗಂಟುಹಾಕಿಕೊಂಡಿರುತ್ತಿದ್ದರು. ಮೈದುನನಿಗೆ ಆ ಗಂಟಿನ ಮೇಲೆ ಕಣ್ಣು. ಹೆಂಗಸಿಗೆ ಕರೆಂಟಿನ ಸಹವಾಸ ಸಲ್ಲದು, ಮೋಟರು ಸುಟ್ಟುಕೊಂಡಾಳು, ಕೀಲಿ ತನ್ನ ಹತ್ತಿರ ಇದ್ದರೆ ನೀರು ತಾನು ಬಿಡುತ್ತೇನೆ ಎಂದು ಪಂಚಾಯ್ತಿಗೆ ಹೇಳುತ್ತಲೇ ಇದ್ದ. ಕೀಲಿ ಯಾರದೋ ನೀರು ಅವರದು, ನೀರು ಯಾರದೋ ಹೊಲ ಅವರದು. ಇದು ಕೆಂಪಮ್ಮನಿಗೂ ಗೊತ್ತಿತ್ತು, ಜವರೇಗೌಡನಿಗೂ ಗೊತ್ತಿತ್ತು. ಈಗ ಹಿರಿಯರಿಗೆ ಒಂದು ಸುಲಭ ದಾರಿ ಸಿಕ್ಕಿತು. ಸಾಹೇಬರ ಪರೀಕ್ಷೆಯಲ್ಲಿ ಕೆಂಪಮ್ಮ ಪಾಸಾದರೆ ಕೀಲಿ ಆಕೆಯಲ್ಲೇ ಇರಲಿ, ಫೇಲಾದರೆ ಮೈದುನನಿಗೆ ಕೊಡಲಿ ಎಂದು ತೀರ್ಮಾನ ಮಾಡಿಬಿಟ್ಟರು. ಚಾ ಅಂಗಡಿಯ ಪಾಠಕ್ಕೆ ಆಕೆ ಹೋಗುವ ಹಾಗಿರಲಿಲ್ಲ, ಹೆಂಗಸರು ಅಲ್ಲಿ ಕೂರುವುದಿಲ್ಲ. ಜವರೇಗೌಡ ಮನೆಗೆ ಹೋಗಿ ಹೇಳಿಕೊಡುವವನೂ ಅಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕೆಂಪಮ್ಮ ಬಂದರು. ನಲವತ್ತರ ಆಸುಪಾಸು, ಗಟ್ಟಿ ಕೈಗಳು, ಸೊಪ್ಪು ಕುಯ್ದು ಹಸಿರಾದ ಬೆರಳುಗಳು. ಬಾಗಿಲಲ್ಲಿ ಹಿರಿಯರು, ಜವರೇಗೌಡ, ಇನ್ನೂ ನಾಲ್ಕಾರು ಜನ. ನಾನು ತೂತಿಗೆ ಕಣ್ಣಿಟ್ಟೆ. ಎಡಗಡೆ ನೋಡಿ ತಾಯಿ, ಮೇಲೆ ಎಡಗಡೆ, ಒಂದೇ ಒಂದು ಸಲ ನೋಡಿ ಸಾಕು ಎಂದು ಮನಸ್ಸಿನಲ್ಲೇ ಜಪ ಮಾಡುತ್ತ ಕೂತೆ.

“ಮೋಟರು ಹಾಕಿ” ಎಂದರು ಸಾಹೇಬರು. ಕೆಂಪಮ್ಮನ ಕಣ್ಣು ತೂತನ್ನೊಮ್ಮೆ ಮುಟ್ಟಿ ನೇರವಾಗಿ ಮೇಲಕ್ಕೆ ಹೋಯಿತು, ಬಲಗಡೆಗೆ. ಮೀಟರಿನ ಕಡೆಗಲ್ಲ. ಹಲಗೆಯ ಆಚೆಗೆ, ಗೋದಾಮಿನ ಜಂತೆಯ ಕಡೆಗೆ. ಕೈ ಹಿಡಿಕೆಯ ಮೇಲೆ ಹೋಯಿತು. ಕಣ್ಣು ಮತ್ತೆ ಬಲಗಡೆ ಮೇಲೆ. ಬೆರಳು ಹಸಿರು ಗುಂಡಿಯ ಹತ್ತಿರ ಬಂತು; ಕಣ್ಣು ಮತ್ತೆ ಅಲ್ಲಿಗೇ. ಎಂಟು ಸಲ ಎಣಿಸಿದೆ. ಮೀಟರಿನ ಮೇಲೆ ಒಂದು ಸಲವೂ ಬೀಳಲಿಲ್ಲ. ಕಡೆಗೆ ಆಕೆ ಗುಂಡಿಯನ್ನು ಒತ್ತಲೇ ಇಲ್ಲ, ಕೈ ಇಳಿಸಿ ನಿಂತರು.

“ಏನು ನೋಡಿದಿರಿ ಅಮ್ಮ?” ಎಂದು ಸಾಹೇಬರು ಕೇಳಿದರು.

“ಮೀಟ್ರು ಸ್ವಾಮಿ” ಎಂದರು ಕೆಂಪಮ್ಮ.

ಪೆನ್ಸಿಲು ನನ್ನ ಕೈಯಲ್ಲೇ ನಿಂತಿತು. ಮೀಟರಿನ ಅಂಕಣದಲ್ಲಿ ಒಂದು ಗೆರೆ ಎಳೆದರೆ ಕೀಲಿ ಆಕೆಯ ಸೆರಗಿನಲ್ಲೇ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ; ತೂತಿನ ಹಿಂದಿರುವವನು ನಾನೊಬ್ಬನೇ. ಅಂಥ ಸತ್ಯಸಂಧ ನಾನಲ್ಲ, ಸಿಂಪಡಣೆ ಮಾಡದ ಹೊಲಗಳನ್ನು ಸಿಂಪಡಣೆ ಆಗಿದೆ ಎಂದು ಬರೆದವನೇ. ಆದರೂ ಅವತ್ತು ಸುಳ್ಳು ಬರೆಯಲು ಕೈ ಬರಲಿಲ್ಲ. ಕಾರಣ ಪ್ರಾಮಾಣಿಕತೆಯಲ್ಲ, ಕುತೂಹಲ. ದಾರಿ ತಪ್ಪಿದವರ ಕಣ್ಣು ಹೇಗಿರುತ್ತದೆ ಎಂದು ನಾನು ಮೂರು ದಿನ ನೋಡಿದ್ದೆ, ಅದು ಎಲ್ಲ ಕಡೆ ಅಲೆಯುತ್ತದೆ. ಈಕೆಯ ಕಣ್ಣು ಅಲೆದಿರಲಿಲ್ಲ. ತನ್ನ ಅಡುಗೆಮನೆಯಲ್ಲಿ ಉಪ್ಪಿನ ಮರಿಗೆ ಎಲ್ಲಿದೆ ಎಂದು ಬಲ್ಲವಳ ಕೈ ಹೋದಂತೆ ಎಂಟು ಸಲವೂ ಒಂದೇ ಜಾಗಕ್ಕೆ ಹೋಗಿತ್ತು. ಇದ್ದದ್ದನ್ನು ಇದ್ದಂತೆ ಬರೆದೆ.

ಸಾಹೇಬರು ಪಾಪ, ಪುಸ್ತಕ ತೆಗೆದುಕೊಂಡು ಎಲ್ಲರೆದುರಿಗೇ ಓದಿಬಿಟ್ಟರು. “ಮೀಟರು, ಇಲ್ಲ. ಹಲಗೆಯ ಹೊರಗೆ, ಎಂಟು.” ಬಾಗಿಲಲ್ಲಿ ಗುಜುಗುಜು ಎದ್ದಿತು. ಜವರೇಗೌಡ ಮುಂದೆ ಬಂದು ಅಂಗೈ ಚಾಚಿದ.

“ಕೊಡಿ ಅತ್ಗೆ. ಪಂಚಾಯ್ತಿ ಮಾತು.”

ಕೆಂಪಮ್ಮ ಸೆರಗಿನ ತುದಿ ಎತ್ತಿಕೊಂಡು ಗಂಟು ಬಿಚ್ಚತೊಡಗಿದರು. ಎರಡು ವರ್ಷ ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಬಿಗಿಯಾದ ಗಂಟು, ಬೆರಳಿಗೆ ಸಿಗುತ್ತಿರಲಿಲ್ಲ. ಅದನ್ನು ತೂತಿನಿಂದ ನೋಡುತ್ತ ಕೂತಿರಲು ನನಗೆ ಆಗಲಿಲ್ಲ. ಈ ಕೆಲಸ ಮಾಡಿದ್ದು ನನ್ನ ಪೆನ್ಸಿಲು.

“ಸಾರ್, ಆ ಜಾಗದಲ್ಲಿ ಆಕೆಯ ಮೋಟರು ಮನೆಯಲ್ಲಿ ಏನೋ ಇರಬೇಕು. ಹೋಗಿ ನೋಡೋಣ” ಎಂದು ಹಲಗೆಯ ಹಿಂದಿನಿಂದ ಈಚೆಗೆ ಬಂದೆ. ಕಣ್ಣಿನ ಸುತ್ತ ಕಪ್ಪು ಹಾಗೇ ಇತ್ತು.

ಸಾಹೇಬರು ನನ್ನ ಮುಖ ನೋಡಿ ತಗ್ಗಿದ ದನಿಯಲ್ಲಿ, “ನಿಮ್ಮ ಕಣ್ಣು... ಅಂದರೆ, ಬಲ ಯಾವುದು ಎಡ ಯಾವುದು ಎಂದು ಸರಿಯಾಗಿ...” ಎಂದು ತಡವರಿಸಿದರು.

ಹುಟ್ಟಿದಾರಭ್ಯ ಆ ಕಣ್ಣಿನ ಬಗ್ಗೆ ಯಾರು ಏನು ಅಂದರೂ ನಾನು ನಕ್ಕಿದ್ದೇನೆ. ಅವತ್ತು ಮಾತ್ರ ರೇಗಿತು. “ಎಂಟು ಸಲ ಸಾರ್, ಮೇಲೆ, ಆಕೆಯ ಬಲಗಡೆ. ತಪ್ಪಾಗಿದ್ದರೆ ನನ್ನನ್ನು ಈ ಹೋಬಳಿಯಿಂದಲೇ ಎತ್ತಂಗಡಿ ಮಾಡಿಸಿ” ಎಂದೆ. ಸಾಹೇಬರು “ಹೌದಾ” ಎಂದರು. ಅವರು ಒಳ್ಳೆಯವರು ಎಂದು ಮೊದಲೇ ಹೇಳಿದ್ದೇನೆ. ಹೊಲಕ್ಕೆ ಹೋಗಿ ನೋಡಿಯೇ ಬಿಡೋಣ ಎಂದು ಹೊರಟರು. ಅವರ ಹಿಂದೆ ಪಂಚಾಯ್ತಿ, ಪಂಚಾಯ್ತಿಯ ಹಿಂದೆ ಊರು.

ಕೆಂಪಮ್ಮ ಬೀಗ ತೆಗೆದರು. ನಾಲ್ಕು ಗೋಡೆಯ ಸಣ್ಣ ಮನೆ, ಹೆಂಚಿನ ಮಾಡು. ಗೋಡೆಗೆ ಬೋರ್ಡು, ಅದರ ಮೇಲೆ ಮೀಟರು. ಬೋರ್ಡಿನ ಬಲಗಡೆ, ಮೇಲೆ, ಜಂತೆಯಿಂದ ಒಂದು ಬಲ್ಬು ಇಳಿಬಿದ್ದಿತ್ತು. ಬರಿಯ ಬಲ್ಬು, ತಂತಿಗೆ ಕಟ್ಟಿದ್ದು, ಹೊಗೆ ಹಿಡಿದದ್ದು. ನಾನು ಹುಚ್ಚನಂತೆ ಅದನ್ನೇ ಬೆರಳು ಮಾಡಿ ತೋರಿಸುತ್ತಿದ್ದೆ. ಕೆಂಪಮ್ಮ ಮೇನ್ ಸ್ವಿಚ್ಚಿನ ಹಿಡಿಕೆ ಮೇಲೆತ್ತಿದರು. ಬಲ್ಬು ಹೊತ್ತಿಕೊಂಡಿತು, ಆದರೆ ಅರಿಶಿನದ ನೀರಿನ ಹಾಗೆ ಮಂಕಾಗಿ. ಆಕೆ ತಲೆಯೆತ್ತಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

“ಈಗ್ ಆಗಲ್ಲ ಸ್ವಾಮಿ. ಕರೆಂಟ್ಗೆ ತ್ರಾಣಿಲ್ಲ.”

ಸಾಹೇಬರು ಮೀಟರಿಗೆ ಮುಖ ಹಚ್ಚಿ ನೋಡಿದರು. ಮುಳ್ಳು ನಾನೂರರ ಮೇಲೆ ನಿಂತಿತ್ತು. “ಇಲ್ಲಮ್ಮ, ಮೀಟರು ಸರಿಯಾಗಿ ತೋರಿಸುತ್ತಿದೆಯಲ್ಲ” ಎಂದರು.

“ನೋಡಿ ಸ್ವಾಮಿ, ಇದ್ನೇ ನಾನ್ ಯೋಳಾದು” ಎಂದು ಜವರೇಗೌಡ ಪಂಚಾಯ್ತಿಯ ಕಡೆ ತಿರುಗಿದ. “ಕಣ್ ಮುಂದ್ಗಡೆ ನಾನೂರ್ ತೋರುಸ್ತಾ ಅದೆ. ಇವ್ರು ಬಲ್ಪ್ ನೋಡ್ಕಂಡು ನಿಂತವ್ರೆ. ಸರೀರಿ ಅತ್ಗೆ, ನಾನಾಕ್ತೀನಿ.”

ಅವನ ಬೆರಳು ಹಸಿರು ಗುಂಡಿಯ ಹತ್ತಿರ ಹೋಗುವಷ್ಟರಲ್ಲಿ ಕೆಂಪಮ್ಮ ಹಿಡಿಕೆಯನ್ನು ಕೆಳಕ್ಕೆ ಎಳೆದುಬಿಟ್ಟರು. ಬಲ್ಬು ಆರಿತು. ಇಡೀ ಬೋರ್ಡಿಗೆ ಕರೆಂಟು ನಿಂತಿತು. ಮೀಟರಿನ ಮುಳ್ಳು ಮಾತ್ರ ಅಲುಗಲಿಲ್ಲ. ಕರೆಂಟಿಲ್ಲದೆಯೂ ಅದು ನಾನೂರನ್ನೇ ತೋರಿಸುತ್ತ ನಿಂತಿತ್ತು.

ಸಾಹೇಬರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮೀಟರಿನ ಗಾಜು ಬಿಚ್ಚಿದರು. ಒಳಗೆ ಕಣಜದ ಹುಳು ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಮುಳ್ಳು ಆ ಗೂಡಿಗೆ ಅಂಟಿಕೊಂಡು ಎಷ್ಟು ಕಾಲವಾಗಿತ್ತೋ. ಸಾಹೇಬರು ಕನ್ನಡಕ ಒರೆಸಿಕೊಂಡು ಜವರೇಗೌಡನ ಕಡೆ ತಿರುಗಿದರು. ಅವರ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯುವ ಆಸೆಯಿತ್ತು.

“ನಿಮ್ಮ ಮೀಟರು ಎಷ್ಟು ತೋರಿಸುತ್ತದೆ ಗೌಡರೇ?”

“ನಾನೂರು ಸ್ವಾಮಿ” ಎಂದ ಜವರೇಗೌಡ, ಎದೆಯುಬ್ಬಿಸಿ. “ಯಾವತ್ತೂ ನಾನೂರೇ. ಮೂರೊರ್ಸ್‌ದಿಂದ ಒಂದಿನಾರ ಕಮ್ಮಿ ಆಗಿಲ್ಲ.”

“ಕರೆಂಟು ಹೋದಾಗ?”

“ಆಗ್ಲೂವೆ...” ಎಂದವನು ಅಲ್ಲಿಗೇ ನಿಂತ. ಮೀಸೆಯ ಮೇಲಿದ್ದ ಕೈ ಕೆಳಗಿಳಿಯಿತು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅವನ ಮೋಟರು ಮೂರು ಸಲ ಗೌಸ್ ಸಾಬರ ಅಂಗಡಿಗೆ ಹೋಗಿ ಬಂದದ್ದು ಊರಿಗೆಲ್ಲ ಗೊತ್ತಿತ್ತು. ಕರೆಂಟಿನವರ ತಪ್ಪು ಎಂದು ಅವನು ಹೇಳಿದ್ದನ್ನು ಊರು ನಂಬಿತ್ತು. ಕಣಜದ ಹುಳುವಿಗೆ ಅತ್ತಿಗೆಯ ಮನೆ, ಮೈದುನನ ಮನೆ ಎಂಬ ಭೇದವೇನೂ ಇಲ್ಲ.

ನಾನು ಅವನನ್ನು ಹೀಯಾಳಿಸುವುದಿಲ್ಲ. ಅವನು ಮೀಟರನ್ನು ನೋಡುತ್ತಿದ್ದುದು ನಿಜ. ಭಕ್ತಿಯಿಂದ ನೋಡುತ್ತಿದ್ದ, ದಿನವೂ ನೋಡುತ್ತಿದ್ದ. ನಾವೆಲ್ಲ ಹಾಗೆ ಎಷ್ಟನ್ನು ನೋಡುತ್ತೇವೆ. ಗೋಡೆಯ ಗಡಿಯಾರ ನಿಂತು ತಿಂಗಳಾಗಿದ್ದರೂ ಹೊರಗೆ ಹೊರಡುವಾಗ ಅದರ ಕಡೆ ಕಣ್ಣು ಹಾಯಿಸುತ್ತೇವೆ. ರೈಲ್ವೆ ಸ್ಟೇಷನ್ನಿನಲ್ಲಿ ಹಲಗೆಯ ಮೇಲೆ ಬರೆದ ವೇಳೆಯನ್ನು ನೋಡಿ, ಆಮೇಲೆ ಪಕ್ಕದವರನ್ನು “ರೈಲು ಎಷ್ಟೊತ್ತಿಗೆ ಬರ್ತದೆ?” ಎಂದು ಕೇಳುತ್ತೇವೆ. ಕಣ್ಣು ಹೋದಲ್ಲೆಲ್ಲ ಬುದ್ಧಿಯೂ ಜೊತೆಗೆ ಹೋಗುತ್ತದೆ ಎಂಬ ಖಾತ್ರಿ ಇಲ್ಲ. ಪರದೇಶದ ಆ ಯಂತ್ರ ಕಣ್ಣಿನ ಹಿಂದೆ ಗೆರೆ ಎಳೆಯುತ್ತದಂತೆ, ಸರಿ. ಜವರೇಗೌಡನಂಥವನನ್ನು ಅದರ ಮುಂದೆ ಕೂರಿಸಿದರೆ ಗೆರೆ ಬಹಳ ಚೆನ್ನಾಗಿ ಬರುತ್ತದೆ. ಅವನ ಮೋಟರು ಸುಟ್ಟದ್ದು ಆ ಗೆರೆಯಲ್ಲಿ ಕಾಣುವುದಿಲ್ಲ.

ಪಂಚಾಯ್ತಿಯವರು ಬಾವಿಯ ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತು ಗುಸುಗುಸು ಮಾತಾಡಿಕೊಂಡರು. ಹಲಗೆ ಇಸ್ಕೂಲಿಗೆ ಹೋಗುತ್ತದೆಯೇ ಎಂದು ಕೇಳಿದ್ದ ಹಿರಿ ತಲೆ ಎದ್ದು ನಿಂತು, “ಕೀ ಕೆಂಪಮ್ಮನ್ ತಾವೇ ಇರ್ಲಿ” ಎಂದರು. ಆಮೇಲೆ ಜವರೇಗೌಡನ ಕಡೆ ನೋಡಿ, “ನೀನೂ ವಸಿ ಓಗಿ ಒಂದ್ ಬಲ್ಪ್ ಕಟ್ಕಳ್ಲಾ” ಎಂದರು. ಅವನು “ಅಂಗೇ ಆಗ್ಲಿ ಬುಡಿ” ಎಂದ. ಕೆಟ್ಟವನೇನಲ್ಲ, ಸೋತಾಗ ಸೋತೆ ಎನ್ನುವಷ್ಟು ದೊಡ್ಡಮನುಷ್ಯ. ಮಾರನೆಯ ವಾರ ಪೇಟೆಯಿಂದ ಬಲ್ಬು ತಂದು ಕಟ್ಟಿದನಂತೆ, ಅತ್ತಿಗೆಯದಕ್ಕಿಂತ ದೊಡ್ಡದು. ಸಾಹೇಬರು ತಮ್ಮ ನಕ್ಷೆಯಲ್ಲಿ ಬಲಗಡೆ ಮೇಲೆ ಒಂದು ದುಂಡನೆಯ ಗುರುತು ಹಾಕಿಕೊಂಡು, ಅದರ ಪಕ್ಕದಲ್ಲಿ ಬಹಳ ಹೊತ್ತು ಏನೋ ಬರೆದರು.

ಜನ ಚದುರಿದರು. ಕೆಂಪಮ್ಮ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಇಟ್ಟು ಗಂಟು ಹಾಕುತ್ತಿದ್ದರು. ನನಗೆ ಒಂದು ಮಾತು ಕೇಳದೆ ಇರಲಾಗಲಿಲ್ಲ.

“ಅಲ್ಲ ಕೆಂಪಮ್ಮ, ಬಲ್ಬು ನೋಡ್ತೀನಿ ಅಂತ ಮೊದಲೇ ಹೇಳಬಾರದಾಗಿತ್ತೇ? ಸಾಹೇಬರು ಕೇಳಿದಾಗ ಮೀಟ್ರು ಅಂದುಬಿಟ್ಟಿರಲ್ಲ.”

ಆಕೆ ಗಂಟು ಬಿಗಿದು, ಎರಡು ಸಲ ಎಳೆದು ನೋಡಿ, ನನ್ನ ಕಪ್ಪು ಬಳಿದ ಮುಖವನ್ನು ನೋಡಿ ನಕ್ಕರು.

“ಏನ್ ಮಾಡಾದು ಸೇವಕ್ರೇ. ತೂತ್ನಾಗ್ ನಿಮ್ ಕಣ್ಣು ಮೀಟ್ರು ನೋಡವ್ವ, ಮೀಟ್ರು ನೋಡವ್ವ ಅಂತ ಒಂದೇ ಸಮ ಬೇಡ್ಕತಿತ್ತು. ಅಯ್ಯೋ ಪಾಪ ಅನ್ನುಸ್ತು. ನಿಮ್ಗೆ ಬ್ಯಾಸ್ರ ಆಗ್ಬಾರ್ದು ಅಂತ ಬಾಯಲ್ಲಾರ ಅಂಗಂದೆ. ಕಣ್ಣು ನನ್ ಮಾತ್ ಕೇಳ್ಲಿಲ್ಲ.”

ಇದನ್ನು ಬರೆದುಕೊಳ್ಳಬೇಕೆಂದು ನಾನು ಪುಸ್ತಕ ತೆಗೆದು ಪುಟ ತಿರುವಿದೆ. ಸಾಹೇಬರು ಎಲ್ಲಕ್ಕೂ ಅಂಕಣ ಹಾಕಿದ್ದರು, ಹಲಗೆಯ ಮುಂದೆ ನಿಂತವರು ನಮ್ಮನ್ನು ನೋಡುತ್ತಿದ್ದುದಕ್ಕೆ ಮಾತ್ರ ಹಾಕಿರಲಿಲ್ಲ.